ತೆಗೆಯದ ಹಿಂಬಾಗಿಲಿಗೆ ನಾಲ್ಕು ಮದ್ದು

ಚೌತಿಗೆ ಊರಿಗೆ ಹೊರಡಲು ಎಂಟು ದಿನ ಉಳಿದಿತ್ತು. ಡೊಂಬಿವಲಿಯಲ್ಲಿ ನಾಲ್ಕು ದಿನ ಬಿಡದೆ ಹೊಯ್ದ ಮಳೆಗೆ ಗುಲ್‌ಮೊಹರ್ ಮರದ ಕೆಳಗೆ ನಿಂತೇ ಇದ್ದ ನಮ್ಮ ಹನ್ನೊಂದು ವರ್ಷದ ಕಾರು, ಎಡಗಡೆ ಹಿಂಬಾಗಿಲು ತೆಗೆಯಲು ಒಪ್ಪಲಿಲ್ಲ. ರಿಮೋಟ್ ಒತ್ತಿದರೆ ಮೂರು ಬಾಗಿಲು ‘ಟಕ್’ ಅನ್ನುತ್ತವೆ, ಇದೊಂದು ‘ಝುಂಯ್’ ಅಂತ ಗೊಣಗಿ ಸುಮ್ಮನಾಗುತ್ತದೆ. ಹೊರಗಿನ ಹಿಡಿಕೆ ಎಳೆದರೆ ಸಡಿಲ. ಒಳಗಿನದೂ ಸಡಿಲ, ಏಕೆಂದರೆ ಮಗನ ಕಾಟಕ್ಕೆ ಚೈಲ್ಡ್ ಲಾಕ್ ಹಾಕಿಟ್ಟಿದ್ದೆ. ಅದನ್ನು ತೆಗೆಯುವ ಚಿಕ್ಕ ಕಡ್ಡಿ ಇರುವುದು ಬಾಗಿಲಿನ ಅಂಚಿನಲ್ಲಿ. ಬಾಗಿಲು ತೆಗೆದರೆ ಮಾತ್ರ ಕೈಗೆ ಸಿಗುತ್ತದೆ. ಅಮ್ಮನ ಮಂಡಿನೋವು ಗೊತ್ತಿದ್ದೂ, ಬಲಗಡೆಯಿಂದ ಹತ್ತಿ ಆ ತುದಿಗೆ ಜರುಗು ಅನ್ನುವ ಧೈರ್ಯ ನನಗಿರಲಿಲ್ಲ.

ಮೊದಲು ಮಾಡಿದ್ದು ಕಾಸಿಲ್ಲದ ಕೆಲಸ. ಬಾಗಿಲಿನ ಸುತ್ತ ಇರುವ ರಬ್ಬರ್ ಬಾಗಿಲನ್ನು ಸದಾ ಹೊರಕ್ಕೆ ದೂಡುತ್ತಿರುತ್ತದೆ. ಆ ಒತ್ತಡವೆಲ್ಲ ಬಾಗಿಲನ್ನು ಕಚ್ಚಿ ಹಿಡಿಯುವ ಲ್ಯಾಚಿನ ಕೊಕ್ಕೆಯ ಮೇಲೆ. ಹಾಗಾಗಿ ಹಿಡಿಕೆ ಎಳೆಯುವ ಮುಂಚೆ ಸೊಂಟದಿಂದ ಬಾಗಿಲನ್ನು ಒಳಕ್ಕೆ ಒತ್ತಬೇಕು. ಹೆಂಡತಿ ಎಂಜಿನ್ ಚಾಲೂ ಮಾಡಿ ಒಳಗೆ ಕೂತು ಲಾಕ್, ಅನ್‌ಲಾಕ್ ಒತ್ತುತ್ತ ಹೋದಳು, ನಾನು ಹೊರಗೆ ಒತ್ತುತ್ತ, ಎಳೆಯುತ್ತ, ಹಿಡಿಕೆಯ ಪಕ್ಕ ಅಂಗೈಯಿಂದ ಗುದ್ದುತ್ತ ನಿಂತೆ. ಎಂಜಿನ್ ಓಡುತ್ತಿದ್ದರೆ 14 ವೋಲ್ಟಿನ ಸಮೀಪ ಸಿಗುತ್ತದೆ, ಬರೀ ಬ್ಯಾಟರಿಯಲ್ಲಿ 12ರ ಆಸುಪಾಸು; ಬಾಗಿಲಿನೊಳಗೆ ಲಾಕ್ ಆಡಿಸುವ ಸೋತ ಮೋಟರಿಗೆ ಅಷ್ಟೇ ಆಸರೆ ಸಾಕಾಗುವುದೂ ಉಂಟು. ನಮಗೆ ಸಾಕಾಗಲಿಲ್ಲ. ವಾಚ್‌ಮನ್ ಬಂದು ಸಾಬ್, ಜಗಳವೇ ಅಂತ ಕೇಳಿದ. ಆದರೆ ಈ ಗುದ್ದಾಟದಿಂದ ಒಂದು ವಿಷಯ ಪಕ್ಕಾ ಆಯಿತು: ಸದ್ದೇ ಬರದಿದ್ದರೆ ವೈರು ಅಥವಾ ಫ್ಯೂಸ್ ಅನ್ನಬಹುದಿತ್ತು. ಇಲ್ಲಿ ಮೋಟರ್ ತಿರುಗುತ್ತಿದೆ, ಲಾಕ್ ಅಲುಗುತ್ತಿಲ್ಲ. ಅಂದರೆ ಒಳಗೆ ಏನೋ ಮುರಿದಿದೆ, ಇಲ್ಲಾ ಕಚ್ಚಿಕೊಂಡಿದೆ.

ಎರಡನೆಯದು ತುಕ್ಕು ಬಿಡಿಸುವ ಸ್ಪ್ರೇ. ಡಬ್ಲ್ಯೂಡಿ-40 ಅನ್ನುವ ಹೆಸರಿನ ಡಬ್ಲ್ಯೂಡಿ ಅಂದರೆ ನೀರನ್ನು ಹೊರದೂಡುವುದು, 40 ಅಂದರೆ ನಲವತ್ತನೆಯ ಪ್ರಯತ್ನ, ಹುಟ್ಟಿದ್ದು 1953ರಲ್ಲಿ. ಮುಂಬೈ ಮಳೆಗೆ ಹೇಳಿ ಮಾಡಿಸಿದ ಹೆಸರು. ಕಿಟಕಿ ಇಳಿಸಿ, ಗಾಜಿನ ಪಕ್ಕದ ಸಂದಿಯಲ್ಲಿ ಕೆಂಪು ನಳಿಗೆ ಇಳಿಬಿಟ್ಟು, ಲ್ಯಾಚ್ ಇರುವ ಹಿಂದಿನ ಅಂಚಿನ ಕಡೆಗೆ ಹೊಡೆದೆ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ, ಎರಡು ದಿನ. ಹಿಡಿಕೆ ಮೃದುವಾಯಿತು, ಲಾಕಿನ ಗುಂಡಿ ಕಾಲು ಭಾಗ ಮೇಲೆದ್ದು ಅಲ್ಲೇ ನಿಂತಿತು. ಬರೀ ತುಕ್ಕು, ಒಣಗಿದ ಗ್ರೀಸ್ ಆಗಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು; 190 ರೂಪಾಯಿಗೆ ಅದು ಮೋಸವಲ್ಲ.

ಮೂರನೆಯದನ್ನು ನೀವು ಮಾಡಬೇಡಿ. ಸ್ಟೇಷನ್ ಹತ್ತಿರದ ಚಾವಿವಾಲಾನನ್ನು ಕರೆದೆ. ಬಾಗಿಲಿನ ಮೇಲಿನ ಸಂದಿಗೆ ಗಾಳಿಚೀಲ ತೂರಿಸಿ ಪಂಪ್ ಒತ್ತಿದ, ಬೆರಳು ತೂರುವಷ್ಟು ಬಾಯಿ ಬಿಟ್ಟಿತು, ಉದ್ದ ಕಡ್ಡಿ ಇಳಿಸಿ ಒಳಗಿನ ಹಿಡಿಕೆಯನ್ನೇ ಎಳೆದ. ಒಳಗಿನ ಹಿಡಿಕೆಯನ್ನು ನಾನು ಒಳಗೇ ಕೂತು ನೂರು ಸಲ ಎಳೆದಿದ್ದೆ! ಕೀಲಿ ಒಳಗೆ ಮರೆತವರಿಗೆ ಈ ವಿದ್ಯೆ ಚಿನ್ನ. ಲ್ಯಾಚೇ ಕೈಕೊಟ್ಟವರಿಗೆ 500 ರೂಪಾಯಿ ದಂಡ, ಮೇಲೆ ಚೂರು ಬಾಗಿದ ಫ್ರೇಮ್. ತಪ್ಪು ಅವನದಲ್ಲ, ಕರೆದವನದು.

ನಡುವೆ ಒಂದು ಸರ್ವಿಸ್ ಸೆಂಟರಿಗೂ ಹೋಗಿ ಬಂದೆ. 9,000ದ ಅಂದಾಜು, ಒಳಪ್ಯಾನಲ್ ಒಡೆದರೆ ಅದು ಬೇರೆ. ಎದ್ದು ಬಂದೆ.

ಕೊನೆಗೆ ನಮ್ಮ ಗಲ್ಲಿಯ ಮಿಸ್ತ್ರಿ. ಕಲಬುರ್ಗಿ ಕಡೆಯವನು, ನನ್ನ ಕರಾವಳಿ ಕನ್ನಡಕ್ಕೆ ನಗುತ್ತಾನೆ. ರಿಮೋಟ್ ಎರಡು ಸಲ ಒತ್ತಿಸಿ, ಬಾಗಿಲಿಗೆ ಕಿವಿ ಇಟ್ಟು, ‘ಸಾಹೇಬ್ರ, ಇದು ಚಾವಿ ಕೆಲ್ಸ ಅಲ್ಲರಿ. ಒಳಗ ಹಲ್ಲು ಮುರದದ. ಮಗ್ಗಲ ಬಿಚ್ಚಬೇಕು’ ಅಂದ. ಬಾಗಿಲು ಮುಚ್ಚಿರುವಾಗ ಒಳಪ್ಯಾನಲ್ ಬಿಚ್ಚುವುದೇ ಇದರ ನಿಜವಾದ ಕಷ್ಟ, ಅದರ ಅಂಚು ಕಾರಿನ ಚೌಕಟ್ಟಿನ ಕಂಬಕ್ಕೂ ಸೀಟಿಗೂ ನಡುವೆ ಸಿಕ್ಕಿಕೊಂಡಿರುತ್ತದೆ. ಅವನು ಮೊದಲು ಹಿಂದಿನ ಸೀಟಿನ ತಳವನ್ನೇ ಎತ್ತಿ ಹೊರಗಿಟ್ಟ. ಆಮೇಲೆ ಹಿಡಿಕೆಯ ಹಿಂದಿನ ಸ್ಕ್ರೂ, ಕೈಯಾಸರೆಯ ಸ್ಕ್ರೂ. ಪ್ಲಾಸ್ಟಿಕ್ ಪಟ್ಟಿ ತೂರಿಸಿ ಮೇಲಿನಿಂದ ಒಂದೊಂದೇ ಕ್ಲಿಪ್ ಎಬ್ಬಿಸಿದ. ಎರಡು ಕ್ಲಿಪ್ ‘ಚಟ್’ ಅಂದು ಹೋದವು, ಪ್ಯಾನಲ್ ಬಾಳೆಲೆಯ ಹಾಗೆ ಬಾಗಿತು, ನನ್ನ ಜೀವ ಬಾಯಿಗೆ ಬಂತು. ಅದರ ಹಿಂದೆ ಕಪ್ಪು ಅಂಟಿನ ಪ್ಲಾಸ್ಟಿಕ್ ಹಾಳೆ, ಅದನ್ನು ಸುಲಿದ ಮೇಲೆ ಮುಂಗೈ ಹೋಗುವಷ್ಟು ಕಿಂಡಿ. ನಾನು ಟಾರ್ಚ್ ಹಿಡಿದೆ. ಲಾಕ್ ಮೋಟರಿನಿಂದ ಲ್ಯಾಚಿಗೆ ಹೋಗುವ ಪೆನ್ಸಿಲಿಗಿಂತ ತೆಳುವಾದ ಕಂಬಿಯನ್ನು ಅವನು ಕ್ಲಿಪ್ಪಿನಿಂದ ಬಿಡಿಸಿದ, ಉದ್ದನೆಯ ಸ್ಕ್ರೂಡ್ರೈವರಿನಿಂದ ಲಾಕಿನ ಸನ್ನೆಯನ್ನು ಮೇಲಕ್ಕೆ ಒತ್ತಿದ, ‘ಈಗ ಎಳೀರಿ’ ಅಂದ. ಹೊರಗಿನಿಂದ ಎಳೆದೆ. ಸೊಪ್ಪಿನ ಕಟ್ಟು ಬಿಚ್ಚಿದಷ್ಟು ಸಲೀಸಾಗಿ ಬಂತು.

ಮೋಟರ್ ಬಿಚ್ಚಿದಾಗ ಅದರೊಳಗಿನ ಪ್ಲಾಸ್ಟಿಕ್ ಗಾಲಿಯ ಹಲ್ಲೊಂದು ಮುರಿದು ಪಕ್ಕದ ಹಲ್ಲಿಗೆ ಅಡ್ಡ ಕೂತಿತ್ತು. ಬಾಗಿಲಿನ ತಳದ ನೀರು ಹರಿಯುವ ತೂತುಗಳಲ್ಲಿ ಗುಲ್‌ಮೊಹರಿನ ಎಲೆ ಕೊಳೆತು ಮೆತ್ತಿಕೊಂಡು, ಒಳಗೆ ಲೋಟದಷ್ಟು ನೀರು ನಿಂತಿತ್ತು.

ಹಳೆಯ ಮೋಟರನ್ನು ಚೀಲದಲ್ಲಿ ಹಾಕಿಕೊಂಡು ಲೋಕಲ್ ಹಿಡಿದು ಕುರ್ಲಾದ ಸಿಎಸ್‌ಟಿ ರೋಡಿಗೆ ಹೋದೆ. ಎಡ, ಬಲ, ಮುಂದು, ಹಿಂದು ಎಲ್ಲ ಬೇರೆ ಬೇರೆ. ಸ್ಯಾಂಪಲ್ ಇಲ್ಲದೆ ಹೋಗಬಾರದು. ಅಲ್ಲಿ ಗುಜರಿಯಿಂದ ಬಂದ ಪೂರಾ ಲ್ಯಾಚ್ 700, ಬೇರೆ ಕಂಪನಿಯ ಹೊಸ ಮೋಟರ್ 650. ಲ್ಯಾಚಿನ ಕೊಕ್ಕೆ ಗಟ್ಟಿಯಾಗಿತ್ತು, ಹಳೆಯ ಲ್ಯಾಚ್ ತಂದರೆ ಅದರ ಹಲ್ಲಿಗೂ ನನ್ನದರಷ್ಟೇ ವಯಸ್ಸು. ಹೊಸ ಮೋಟರನ್ನೇ ತಂದೆ. ಮಿಸ್ತ್ರಿ ಕೂಲಿ 800, ಕ್ಲಿಪ್ಪುಗಳು ಅವನ ಡಬ್ಬಿಯಿಂದಲೇ ಪುಕ್ಕಟೆ.

ಜೋಡಿಸಿದ ಮೇಲೆ ನಾನು ಬಾಗಿಲು ಹಾಕಲು ಹೋದಾಗ ಕೈ ಹಿಡಿದ. ಬಾಗಿಲು ತೆರೆದಿರುವಾಗಲೇ ಸ್ಕ್ರೂಡ್ರೈವರಿನಿಂದ ಕೊಕ್ಕೆಯನ್ನು ಮುಚ್ಚಿ, ಲಾಕ್ ಮಾಡಿ, ತೆಗೆದು, ಹಿಡಿಕೆ ಎಳೆದು, ಮೂರು ಸಲ ಬಿಡಿಸಿ ನೋಡಿದ. ಹಾಗೆ ನೋಡದೆ ಮುಚ್ಚಿದವರು ಇಡೀ ಕತೆಯನ್ನು ಮೊದಲಿನಿಂದ ಶುರು ಮಾಡಬೇಕಾಗುತ್ತದಂತೆ. ಆಮೇಲೆ ಬಿಳಿ ಲಿಥಿಯಂ ಗ್ರೀಸ್ ಸವರಿದ, ಸ್ಪ್ರೇ ತುಕ್ಕು ಬಿಡಿಸುತ್ತದೆ, ಆದರೆ ಗ್ರೀಸಿನ ಹಾಗೆ ಬಹುಕಾಲ ನಿಲ್ಲುವುದಿಲ್ಲ. ಚೈಲ್ಡ್ ಲಾಕ್ ತೆಗೆಸಿದೆ. ಮಗನನ್ನು ಈಗ ಬಲಗಡೆ ಕೂರಿಸುತ್ತೇವೆ.

ಇನ್ನೊಂದು ಸಲ ಹೀಗಾದರೆ? ಒಂದು ಸಂಜೆ ಗುದ್ದಾಟ, ಎರಡು ದಿನ ಸ್ಪ್ರೇ, ಮೂರನೆಯ ದಿನ ನೇರ ಮಿಸ್ತ್ರಿ. ಗಾಳಿಚೀಲವನ್ನು ಕಾರಿನ ಹತ್ತಿರಕ್ಕೂ ಬಿಡುವುದಿಲ್ಲ.

ಚೌತಿಯ ಮುನ್ನಾದಿನ ನಸುಕಿಗೆ ಹೊರಟೆವು. ಅಮ್ಮ ಎಡಗಡೆಯಿಂದಲೇ ಹತ್ತಿ ಕೂತರು. ಪನ್ವೇಲ್ ದಾಟಿ ಹೆದ್ದಾರಿ 66ರಲ್ಲಿ ವೇಗ 80 ಮುಟ್ಟಿದ ಕೂಡಲೇ ಅವರ ಕಿವಿಯ ಹತ್ತಿರ ಬಾಗಿಲಿನ ಮೇಲಂಚು ಸಣ್ಣಗೆ ಸಿಳ್ಳೆ ಹೊಡೆಯತೊಡಗಿತು. ‘ಯಾವ ಹಕ್ಕಿ ಅದು?’ ಅಂದರು. ಐನೂರು ರೂಪಾಯಿಯ ಹಕ್ಕಿ ಅಂತ ಹೆಂಡತಿ ಹೇಳುವ ಮೊದಲು ನಾನು ವೇಗ ಇಳಿಸಿದೆ.