ಟಿಫೆನ್ ಬ್ಲ್ಯಾಕ್ ಪ್ರೋ-ಮಿಸ್ಟ್ 1/4: ದೀಪ ಉರಿಯುವ ಫ್ರೇಮಿಗೆ

ಸೆಟ್ ಹಾಕಿ, ಫ್ರೇಮಿನೊಳಗೇ ಟೇಬಲ್ ಲ್ಯಾಂಪ್ ಉರಿಸಿ ಸಿನಿಮಾ ದೃಶ್ಯದಂಥ ಫೋಟೊ ತೆಗೆಯುವವರಿಗೆ ಲೆನ್ಸಿನ ಮುಂದೆ ಹಾಕುವ, ಬೆಳಕನ್ನು ಮೆತ್ತಗೆ ಹರಡುವ ಈ ಗಾಜಿನ ಫಿಲ್ಟರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಬಲ್ಬಿನ ಅಂಚು ಕರಗಿ ಸುತ್ತ ಪ್ರಭೆ ಹರಡುತ್ತದೆ, ಕೆನ್ನೆಯ ಹೊಳಪು ಮೆತ್ತಗಾಗುತ್ತದೆ, ರೆಪ್ಪೆಗೂದಲು ಮಾತ್ರ ಎಳೆಎಳೆಯಾಗಿ ಕಾಣುತ್ತಲೇ ಇರುತ್ತದೆ. ಎಷ್ಟು ಚೆಂದ! ಗಾಜಿನೊಳಗಿನ ಕಪ್ಪು ಕಣಗಳಿಂದಾಗಿ ನೆರಳು ತೀರಾ ಬೆಳ್ಳಗಾಗುವುದಿಲ್ಲ.

35 ಎಂಎಂ ಲೆನ್ಸಿಗೆ 1/4 ತೀವ್ರತೆ ಹದ. 85 ಎಂಎಂ ಲೆನ್ಸಿನಲ್ಲಿ ಅದೇ ಗಾಜು ಮಂಜು ಕವಿಸುತ್ತದೆ, ಅಲ್ಲಿ ಇನ್ನೂ ಸೌಮ್ಯವಾದ 1/8 ಸಾಕು. ಫ್ರೇಮಿನ ಹೊರಗಿನ ಬ್ಯಾಕ್‌ಲೈಟ್ ನೇರ ಗಾಜಿಗೆ ಬಿದ್ದರೆ ಇಡೀ ಚಿತ್ರ ಪೇಲವವಾಗುತ್ತದೆ. ಕಪ್ಪು ಬಟ್ಟೆ ಅಡ್ಡ ಹಿಡಿಯಿರಿ. ದೀಪವೇ ಇಲ್ಲದ ಚಪ್ಪಟೆ ಬೆಳಕಿಗೆ ಇದು ಅಂದ ತರದು.

ಹರಡಿದ ಬೆಳಕನ್ನು ಎಡಿಟಿಂಗ್‌ನಲ್ಲಿ ಹಿಂದಕ್ಕೆ ತರಲಾಗದು. ಪ್ರತಿ ಭಂಗಿಗೂ ಫಿಲ್ಟರ್ ಇಲ್ಲದ ಒಂದು ಫ್ರೇಮ್ ತೆಗೆದಿಟ್ಟುಕೊಳ್ಳಿ.