ಕಾಲುಚೀಲ ಹೆಣೆಯುವ ಕಿಟ್: ಒಂದು ವರ್ಷ ತೊಟ್ಟ ಮೇಲೆ ಬರೆದ ವಿಮರ್ಶೆ

ಕಾಲುಚೀಲ ಹೆಣೆಯಲು ಕಲಿಯುವವರಿಗೆಂದು ಸಿದ್ಧಪಡಿಸಿದ ಕಿಟ್ ಒಂದನ್ನು ಕಳೆದ ವರ್ಷ ಕೊಂಡಿದ್ದೆ. ಅದರಲ್ಲಿದ್ದ ನೂಲಿನಿಂದ ಅಮ್ಮನಿಗೆ ಮೊದಲ ಜೋಡಿ ಹೆಣೆದೆ. ಅನಂತರ ಅದೇ ನೂಲನ್ನು ಬಿಡಿಯಾಗಿ ತರಿಸಿಕೊಂಡು ಅಣ್ಣನಿಗೆ, ಅತ್ತಿಗೆಗೆ ಮತ್ತು ಹಳೆಯ ಗೆಳತಿಯೊಬ್ಬಳಿಗೆ ಒಂದೊಂದು ಜೋಡಿ ಮಾಡಿಕೊಟ್ಟೆ. ಪೆಟ್ಟಿಗೆ ಬಿಚ್ಚಿದ ದಿನವೇ ಈ ವಿಮರ್ಶೆಯನ್ನು ಬರೆದಿದ್ದರೆ ಅದು ಬರೀ ಹೊಗಳಿಕೆಯಾಗುತ್ತಿತ್ತು. ನಾಲ್ಕು ಜೋಡಿಗಳೂ ಹಲವು ಸಲ ಒಗೆತ ಕಂಡು, ಒಂದು ಜೋಡಿ ಸವೆಯತೊಡಗಿದ ಮೇಲೆ ಬರೆಯುತ್ತಿರುವುದರಿಂದ ನನ್ನ ಅಭಿಪ್ರಾಯ ಈಗ ಬೇರೆಯೇ ಆಗಿದೆ. ಇದೇ ಬಗೆಯ ಸಾಮಗ್ರಿಯುಳ್ಳ ಕಿಟ್‌ಗಳು ಹಲವು ಹೆಸರುಗಳಲ್ಲಿ ದೊರೆಯುತ್ತವೆಯಾದ್ದರಿಂದ ತಯಾರಕರ ಹೆಸರನ್ನು ಬಿಟ್ಟು, ಒಳಗಿನ ವಸ್ತುಗಳ ಬಗ್ಗೆಯಷ್ಟೇ ಹೇಳುತ್ತೇನೆ.

ಪೆಟ್ಟಿಗೆಯಲ್ಲಿದ್ದದ್ದು ಇಷ್ಟು: ತಲಾ 50 ಗ್ರಾಂ ತೂಗುವ ಎರಡು ಉಂಡೆ ನೂಲು, ಎರಡೂ ತುದಿ ಚೂಪಾಗಿರುವ 2.5 ಮಿ.ಮೀ. ದಪ್ಪದ ಐದು ಬಿದಿರಿನ ಕಡ್ಡಿಗಳು, ನೂಲಿನ ತುದಿಗಳನ್ನು ಒಳಗೆ ಸೇರಿಸಲು ಒಂದು ಮೊಂಡು ಸೂಜಿ, ಕಡ್ಡಿಯ ಮೇಲೆ ಗುರುತಿಗೆಂದು ಸಿಕ್ಕಿಸುವ ಪುಟ್ಟ ಬಳೆಗಳು, ಒಂದು ಕೈಪಿಡಿ, ಮತ್ತು ಉಡುಗೊರೆಗೆ ಕಟ್ಟಲು ರಿಬ್ಬನ್ನು ಹಾಗೂ ‘ಪ್ರೀತಿಯಿಂದ ಹೆಣೆದದ್ದು’ ಎಂದು ಮುದ್ರಿಸಿದ ಚೀಟಿಗಳು. ಅಳತೆಯ ಟೇಪು ಮಾತ್ರ ಇರಲಿಲ್ಲ. ರಿಬ್ಬನ್ನಿಗೆ ಜಾಗ ಮಾಡಿದವರು ಟೇಪನ್ನು ಮರೆತಿದ್ದಾರೆ ಎಂಬುದರಲ್ಲೇ ಈ ಕಿಟ್‌ನ ಸ್ವಭಾವ ಅಡಗಿದೆ. ಇದನ್ನು ಉಡುಗೊರೆ ಕೊಡುವವರ ಕಣ್ಣಿಗೆ ಒಪ್ಪುವಂತೆ ಮಾಡಿದ್ದಾರೆಯೇ ಹೊರತು, ತೊಡುವವರ ಪಾದವನ್ನು ನೆನಪಿಟ್ಟುಕೊಂಡು ಮಾಡಿಲ್ಲ.

ಮೊದಲು ನೂಲಿನ ಮಾತು, ಏಕೆಂದರೆ ಮನಸಾರೆ ಮೆಚ್ಚಬೇಕಾದದ್ದು ಅದೊಂದೇ. ಕಾಲುಚೀಲಕ್ಕೆಂದೇ ತಯಾರಾಗುವ ನೂಲಿನಲ್ಲಿ ಸಾಮಾನ್ಯವಾಗಿರುವಂತೆ ಇದರಲ್ಲಿಯೂ 75 ಪಾಲು ಉಣ್ಣೆ ಮತ್ತು 25 ಪಾಲು ನೈಲಾನ್ ಇದೆ. 100 ಗ್ರಾಮಿಗೆ ಸುಮಾರು 420 ಮೀಟರ್ ಉದ್ದ ಬರುತ್ತದೆ. ನೈಲಾನ್ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ, ನಾನೂ ಅವರಲ್ಲಿ ಒಬ್ಬಳಾಗಿದ್ದೆ. ಆದರೆ ಹಿಮ್ಮಡಿ ಮತ್ತು ಹೆಬ್ಬೆರಳಿನ ಬುಡ ಪ್ರತಿ ಹೆಜ್ಜೆಗೂ ಪಾದರಕ್ಷೆಗೆ ಉಜ್ಜುತ್ತಿರುವಾಗ ಬರೀ ಮೆರಿನೋ ಉಣ್ಣೆಯಂಥ ನವಿರಾದ ನೂಲು ಹೆಚ್ಚು ಕಾಲ ತಾಳಲಾರದು. ಟೋಪಿಗೆ, ಕುತ್ತಿಗೆಯ ಪಟ್ಟಿಗೆ ಶುದ್ಧ ಉಣ್ಣೆ ಸರಿಯಾದ ಆಯ್ಕೆ. ಕಾಲುಚೀಲಕ್ಕೆ ಆ ಕಾಲು ಪಾಲು ನೈಲಾನ್ ಇರಲೇಬೇಕು.

ಉಂಡೆಯ ಚೀಟಿಯ ಮೇಲೆ ಇದನ್ನು, ಯಂತ್ರದಲ್ಲಿ ಒಗೆದರೂ ಕುಗ್ಗದು ಎಂಬ ಅರ್ಥದಲ್ಲಿ, ‘ಸೂಪರ್‌ವಾಶ್’ ಎಂದು ಗುರುತಿಸಿದ್ದಾರೆ. ಉಣ್ಣೆಯ ಪ್ರತಿ ನಾರಿನ ಮೇಲೂ ಕಣ್ಣಿಗೆ ಕಾಣದಷ್ಟು ಸಣ್ಣ ಹೊಪ್ಪಳಿಕೆಗಳಿರುತ್ತವೆ. ಬಿಸಿ ನೀರು, ಸಾಬೂನು ಮತ್ತು ತಿಕ್ಕಾಟ ಮೂರೂ ಸೇರಿದಾಗ ಈ ಹೊಪ್ಪಳಿಕೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗುತ್ತದೆ, ಕಂಬಳಿಯಂತೆ ಗಟ್ಟಿಯಾಗುತ್ತದೆ, ಮತ್ತೆ ಹಿಂದಿನ ಸ್ಥಿತಿಗೆ ಬರುವುದಿಲ್ಲ. ಸೂಪರ್‌ವಾಶ್ ಕ್ರಮದಲ್ಲಿ ಸಾಮಾನ್ಯವಾಗಿ ಕ್ಲೋರಿನ್‌ನಿಂದ ಈ ಹೊಪ್ಪಳಿಕೆಗಳ ಅಂಚನ್ನು ಸವೆಸಿ, ನಾರಿನ ಮೇಲೆ ತೆಳುವಾದ ರಾಳದ ಲೇಪ ಕೊಡುತ್ತಾರೆ. ಪರಿಸರದ ದೃಷ್ಟಿಯಿಂದ ಇದಕ್ಕೆ ಆಕ್ಷೇಪಗಳಿವೆ, ಅವು ಹುರುಳಿಲ್ಲದವೂ ಅಲ್ಲ. ಆದರೂ ಉಡುಗೊರೆಯ ಮಟ್ಟಿಗೆ ನಾನು ಸೂಪರ್‌ವಾಶ್ ನೂಲನ್ನೇ ಆರಿಸುತ್ತೇನೆ. ಹಿಂದೊಮ್ಮೆ ಶುದ್ಧ ಉಣ್ಣೆಯಲ್ಲಿ ಹೆಣೆದ ಜೋಡಿಯೊಂದನ್ನು ಗೆಳತಿಯ ಮನೆಯವರು ಉಳಿದ ಬಟ್ಟೆಗಳ ಜೊತೆ ಬಿಸಿನೀರಿನ ಯಂತ್ರಕ್ಕೆ ಹಾಕಿಬಿಟ್ಟಿದ್ದರು; ಹೊರಬಂದದ್ದು ಕೂಸಿನ ಕಾಲಿಗೆ ಹಿಡಿಸುವಷ್ಟಿತ್ತು. ಆಕೆ ಪಟ್ಟ ಸಂಕೋಚವನ್ನು ನೋಡಿದ ಮೇಲೆ, ತೊಳೆಯಲು ಭಯಪಡಬೇಕಾದ ಉಡುಗೊರೆಯನ್ನು ಯಾರಿಗೂ ಕೊಡಬಾರದೆಂದು ತೀರ್ಮಾನಿಸಿದೆ. ಈ ಕಿಟ್‌ನ ನೂಲಿನಲ್ಲಿ ಹೆಣೆದ ಅಮ್ಮನ ಜೋಡಿ ಯಂತ್ರದ ಮೃದು ಒಗೆತದಲ್ಲಿ ಲೆಕ್ಕವಿಲ್ಲದಷ್ಟು ಸಲ ತೊಳೆಸಿಕೊಂಡಿದೆ. ಕುಗ್ಗಿಲ್ಲ, ಬಣ್ಣ ಬಿಟ್ಟಿಲ್ಲ. ಒದ್ದೆಯಾಗಿದ್ದಾಗ ಸ್ವಲ್ಪ ಜೋಲುತ್ತದೆಯಾದ್ದರಿಂದ ನೇತುಹಾಕದೆ ಹರವಿ ಒಣಗಿಸುವುದು ಒಳ್ಳೆಯದು.

ನೂಲು ತಾನೇ ಪಟ್ಟೆಗಳನ್ನು ಮೂಡಿಸಿಕೊಳ್ಳುವ ಬಗೆಯದು, ಅಂದರೆ ಬಣ್ಣಗಳನ್ನು ಉದ್ದ ಅಳೆದು ಹಾಕಿರುವುದರಿಂದ ನಾವು ಸುಮ್ಮನೆ ಹೆಣೆಯುತ್ತ ಹೋದರೂ ಪಟ್ಟೆ ಬರುತ್ತದೆ. ಎರಡು ಕಾಲುಚೀಲಗಳಲ್ಲಿ ಪಟ್ಟೆ ಒಂದೇ ರೀತಿ ಬರಬೇಕಾದರೆ ಎರಡನೇ ಉಂಡೆಯನ್ನೂ ಅದೇ ಬಣ್ಣದ ಅದೇ ಬಿಂದುವಿನಿಂದ ಆರಂಭಿಸಬೇಕು. ಕೈಪಿಡಿಯಲ್ಲಿ ಈ ಮಾತಿಲ್ಲ. ನನ್ನ ಎರಡನೇ ಉಂಡೆಯ ನಡುವೆ ಒಂದು ಗಂಟೂ ಇತ್ತು. ಗಂಟಿನ ಈಚೆ ನೀಲಿ, ಆಚೆ ಕಿತ್ತಳೆ. ಕೆಲವು ಮೀಟರ್ ಕತ್ತರಿಸಿ ಬಿಸಾಡಿದ ಮೇಲಷ್ಟೇ ಪಟ್ಟೆಗಳ ಸರದಿ ಸರಿಹೋಯಿತು. ನೂಲು ಸಾಕಷ್ಟು ಉಳಿಯುವುದರಿಂದ ಇದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ.

ಕಡ್ಡಿಗಳ ಬಗ್ಗೆ ಇಷ್ಟು ಒಳ್ಳೆಯ ಮಾತು ಹೇಳಲಾರೆ. ಬಿದಿರಿನ ಕಡ್ಡಿಗೆ ಸ್ವಲ್ಪ ಹಿಡಿತವಿರುವುದರಿಂದ ಕುಣಿಕೆಗಳು ಜಾರಿ ಬೀಳುವುದಿಲ್ಲ, ಆದ್ದರಿಂದ ಕಲಿಯುವವರಿಗೆ ಬಿದಿರು ಒಳ್ಳೆಯದೆನ್ನುವುದು ನಿಜ. ಆದರೆ 2.5 ಮಿ.ಮೀ. ದಪ್ಪದ ಬಿದಿರು ಕೈಯ ಬಿಸಿಗೆ ಬಿಲ್ಲಿನಂತೆ ಬಾಗುತ್ತದೆ, ಮತ್ತು ಈ ಕಡ್ಡಿಗಳ ತುದಿಯಲ್ಲಿ ಸಿಬಿರು ಏಳತೊಡಗಿ ನೂಲಿನ ಎಳೆಗಳನ್ನು ಸೀಳುತ್ತಿತ್ತು. ಒಂದು ಕಡ್ಡಿ ಕುರ್ಚಿಯ ಮೇಲಿದ್ದುದನ್ನು ನೋಡದೆ ಕುಳಿತದ್ದರಿಂದ ಮುರಿಯಿತು. ಆ ತಪ್ಪು ನನ್ನದೇ. ನಾಲ್ಕು ಕಡ್ಡಿಗಳಲ್ಲಿ ಕುಣಿಕೆಗಳನ್ನು ಹಂಚಿ ಐದನೆಯದರಿಂದ ಹೆಣೆಯುವಾಗ, ಒಂದು ಕಡ್ಡಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ನೂಲು ಸಡಿಲಗೊಂಡು ಏಣಿಯಂಥ ಸಂದು ಬೀಳುತ್ತದೆ. ಪ್ರತಿ ಕಡ್ಡಿಯ ಮೊದಲ ಕುಣಿಕೆಗಿಂತ ಎರಡನೆಯದನ್ನು ಬಿಗಿಯಾಗಿ ಎಳೆದರೆ ಇದು ಬಹುಮಟ್ಟಿಗೆ ಕಾಣೆಯಾಗುತ್ತದೆ. ಮೂರನೇ ಜೋಡಿಯ ಹೊತ್ತಿಗೆ ನಾನು ಬಿದಿರನ್ನು ಬಿಟ್ಟು, 80 ಸೆಂ.ಮೀ. ಉದ್ದದ ಬಾಗುವ ತಂತಿಯ ಎರಡೂ ತುದಿಗೆ ಗಿಡ್ಡ ಕಡ್ಡಿಯಿರುವ ವರ್ತುಲ ಕಡ್ಡಿಗೆ ಬಂದೆ. ಉಳಿದ ತಂತಿಯನ್ನು ಕುಣಿಕೆಗಳ ನಡುವಿನಿಂದ ಹೊರಗೆಳೆದು ಹೆಣೆಯುವ ‘ಮ್ಯಾಜಿಕ್ ಲೂಪ್’ ವಿಧಾನದಲ್ಲಿ ಸಂದುಗಳ ಸಂಖ್ಯೆ ನಾಲ್ಕರಿಂದ ಎರಡಕ್ಕೆ ಇಳಿಯುತ್ತದೆ.

ಕಿಟ್ ನಿಜವಾಗಿ ಸೋಲುವುದು ಕೈಪಿಡಿಯ ಅಳತೆಯ ಪುಟದಲ್ಲಿ. 60 ಕುಣಿಕೆ ಹಾಕಿ ಆರಂಭಿಸಿದರೆ ಎಲ್ಲ ಹೆಂಗಸರಿಗೂ ಹೊಂದುವ ಕಾಲುಚೀಲವಾಗುತ್ತದೆ ಎಂದು ಅದರಲ್ಲಿ ಬರೆದಿದೆ. ಈ ಲೆಕ್ಕ ನಿಲ್ಲುವುದು 10 ಸೆಂ.ಮೀ.ಗೆ 30 ಕುಣಿಕೆ ಬಂದಾಗ ಮಾತ್ರ. ಅಮ್ಮನ ಪಾದದ ಸುತ್ತಳತೆ 22 ಸೆಂ.ಮೀ.; ಕಾಲುಚೀಲ ಪಾದಕ್ಕೆ ಅಂಟಿ ಕೂರಬೇಕಾದರೆ ಸುತ್ತಳತೆಯಲ್ಲಿ ಹತ್ತನೇ ಒಂದು ಪಾಲಿನಷ್ಟು ಕಿರಿದಾಗಿರಬೇಕು, ಎಂದರೆ 20 ಸೆಂ.ಮೀ. ನನ್ನ ಕೈ ಸಡಿಲ, ಹಾಗಾಗಿ 10 ಸೆಂ.ಮೀ.ಗೆ 27 ಕುಣಿಕೆಗಳಷ್ಟೇ ಬಂದಿದ್ದವು. 60ನ್ನು 2.7ರಿಂದ ಭಾಗಿಸಿದರೆ 22 ಸೆಂ.ಮೀ.ಗೂ ಸ್ವಲ್ಪ ಹೆಚ್ಚು. ಕಾಗದದ ಮೇಲೆ ಎರಡು ಸೆಂ.ಮೀ. ದೊಡ್ಡದೇನಲ್ಲ, ಕಾಲಿನಲ್ಲಿ ಅದು ಮಡಿಕೆಯಾಗಿ ಅಂಗಾಲಿನ ಕೆಳಗೆ ಸೇರಿಕೊಳ್ಳುತ್ತದೆ. ಮೊದಲ ಕಾಲುಚೀಲವನ್ನು ಪೂರ್ತಿ ಬಿಚ್ಚಿ, 2.25 ಮಿ.ಮೀ. ಕಡ್ಡಿಯಲ್ಲಿ ಮತ್ತೆ ಹೆಣೆದಾಗ 30 ಕುಣಿಕೆಗಳು ಸರಿಯಾಗಿ ಕೂತವು. ಎಷ್ಟು ಕುಣಿಕೆ ಬರುತ್ತದೆಂದು ಮೊದಲೇ ತಿಳಿಯಲು ಹೆಣೆಯುವ ಮಾದರಿಯ ತುಂಡನ್ನು ಚಪ್ಪಟೆಯಾಗಿ, ಒಂದು ಸಾಲು ಸೀದಾ ಒಂದು ಸಾಲು ಉಲ್ಟಾ ಹೆಣೆದು ಅಳೆಯಲು ಕೈಪಿಡಿ ಹೇಳುತ್ತದೆ. ಸುತ್ತಾಗಿ ಹೆಣೆಯುವ ಪಾದದ ಭಾಗದಲ್ಲಿ ಉಲ್ಟಾ ಸಾಲೇ ಬರುವುದಿಲ್ಲ, ಮತ್ತು ಹಲವರ ಕೈಯಲ್ಲಿ ಸೀದಾ ಮತ್ತು ಉಲ್ಟಾ ಕುಣಿಕೆಗಳ ಬಿಗಿ ಒಂದೇ ಇರುವುದಿಲ್ಲ; ಆದ್ದರಿಂದ ಮಾದರಿಯನ್ನೂ ಸುತ್ತಾಗಿಯೇ ಹೆಣೆದು ನೋಡಬೇಕು. ಅಣ್ಣನ ಪಾದದ ಸುತ್ತಳತೆ 25 ಸೆಂ.ಮೀ. ಇದ್ದುದರಿಂದ ಇದೇ ಲೆಕ್ಕದಲ್ಲಿ 68 ಕುಣಿಕೆ, ಕಡ್ಡಿಗೆ 17ರಂತೆ, ಹಾಕಿದೆ. ಕೈಪಿಡಿಯನ್ನು ನಂಬಿ 60ರಲ್ಲೇ ನಿಂತಿದ್ದರೆ ಅವನಿಗೆ ಅದು ಹಿಮ್ಮಡಿ ದಾಟುತ್ತಿರಲಿಲ್ಲ.

ದಾಟುವ ಮಾತು ಬಂದದ್ದರಿಂದ ಮೇಲಂಚಿನ ವಿಷಯ ಹೇಳಬೇಕು. ಕಾಲುಚೀಲ ತೊಡುವಾಗ ಅದರ ಬಾಯಿ ಹಾದುಹೋಗಬೇಕಾದ ಅತಿ ದೊಡ್ಡ ಸುತ್ತಳತೆ ಹಿಮ್ಮಡಿಯಿಂದ ಪಾದದ ಮೇಲ್ಭಾಗಕ್ಕೆ ಓರೆಯಾಗಿ ಬರುವಂಥದ್ದು. ಕೈಪಿಡಿಯಲ್ಲಿ ಕೊಟ್ಟಿರುವ ಸಾಮಾನ್ಯ ಆರಂಭದ ಅಂಚು ಅಷ್ಟು ಹಿಗ್ಗುವುದಿಲ್ಲ. ಸಂಜೆಯ ಹೊತ್ತಿಗೆ ಕಾಲು ಊದಿಕೊಳ್ಳುವ ಅಮ್ಮನಿಗೆ ಆ ಅಂಚು ದಾರ ಕಟ್ಟಿದಂತೆ ಗುರುತು ಮೂಡಿಸಿತು. ಆದರೂ ಅವರು ‘ತುಂಬ ಚೆನ್ನಾಗಿದೆ ಮಗಾ’ ಎಂದೇ ಹೇಳಿದರು. ಕೈಯಿಂದ ಮಾಡಿಕೊಟ್ಟ ಉಡುಗೊರೆಯ ಬಗ್ಗೆ ಪಡೆದವರ ಮಾತನ್ನು ನಂಬುವಂತಿಲ್ಲ, ಅವರ ಕಾಲನ್ನೇ ನೋಡಬೇಕು. ಆಮೇಲಿನ ಜೋಡಿಗಳಿಗೆಲ್ಲ ನೂಲನ್ನು ಒಂದು ತಿರುವು ಹೆಚ್ಚು ಕೊಟ್ಟು ಕುಣಿಕೆ ಏರಿಸುವ, ಜರ್ಮನ್ ಟ್ವಿಸ್ಟೆಡ್ ಎಂದು ಕರೆಯುವ ಆರಂಭವನ್ನು ಬಳಸಿದೆ. ಅದು ಹಿಗ್ಗುತ್ತದೆ, ಮತ್ತೆ ತನ್ನ ಜಾಗಕ್ಕೆ ಮರಳುತ್ತದೆ.

ಕೈಪಿಡಿಯಲ್ಲಿ ಹಿಮ್ಮಡಿಯ ಅಧ್ಯಾಯ ಮಾತ್ರ ಸೊಗಸಾಗಿದೆ, ಅದನ್ನು ಬರೆದವರು ಬೇರೆಯವರೇ ಇರಬೇಕೆನ್ನಿಸುವಷ್ಟು. ಅರ್ಧದಷ್ಟು, ಎಂದರೆ 30 ಕುಣಿಕೆಗಳನ್ನು ಮಾತ್ರ ಹಿಡಿದು, ಒಂದು ಬಿಟ್ಟು ಒಂದು ಕುಣಿಕೆಯನ್ನು ಹೆಣೆಯದೆ ಜಾರಿಸುತ್ತ 30 ಸಾಲು ಬೆಳೆಸಿದಾಗ ಹಿಮ್ಮಡಿಯ ಹಿಂಬದಿಗೆ ಇಮ್ಮಡಿ ದಪ್ಪದ ಪಟ್ಟಿ ಸಿಗುತ್ತದೆ. ಆಮೇಲೆ ಸಾಲುಗಳನ್ನು ಕೊನೆ ಮುಟ್ಟಿಸದೆ ನಡುವಿನಲ್ಲೇ ಹಿಂದಿರುಗಿಸುತ್ತ ಹೋದರೆ ಚಪ್ಪಟೆ ಬಟ್ಟೆ ಬಟ್ಟಲಿನಂತೆ ಬಾಗುತ್ತದೆ. ಕೊನೆಗೆ ಪಟ್ಟಿಯ ಎರಡೂ ಬದಿಗಳಿಂದ ತಲಾ 15 ಕುಣಿಕೆಗಳನ್ನು ಎತ್ತಿಕೊಂಡು, ಎರಡು ಸುತ್ತಿಗೊಮ್ಮೆ ಎರಡೆರಡು ಕಡಿಮೆ ಮಾಡುತ್ತ ಮತ್ತೆ 60ಕ್ಕೆ ಬರಬೇಕು. ಓದುವಾಗ ಒಗಟಿನಂತಿರುವ ಇದು ಕೈಯಲ್ಲಿ ಕಡ್ಡಿ ಹಿಡಿದು ಸಾಲು ಸಾಲಾಗಿ ಅನುಸರಿಸಿದಾಗ ತಾನಾಗಿ ತಿಳಿಯುತ್ತದೆ. ಮೊದಲ ಸಲ ಆ ಬಟ್ಟಲು ಮೂಡಿದಾಗ ನಾನು ರಾತ್ರಿ ಎಲ್ಲರನ್ನೂ ಎಬ್ಬಿಸಿ ತೋರಿಸಿದ್ದೆ. ಬೆರಳಿನ ತುದಿಯನ್ನು ಹೊಲಿಗೆ ಕಾಣದಂತೆ ಮುಚ್ಚುವ ‘ಕಿಚನರ್’ ವಿಧಾನದ ಚಿತ್ರಗಳೂ ಸ್ಪಷ್ಟವಾಗಿವೆ.

ಕೈಪಿಡಿಯ ಇತಿಹಾಸದ ಪುಟವನ್ನು ಬಿಟ್ಟುಬಿಡಬಹುದು. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ, ಚಪ್ಪಲಿಯೊಂದಿಗೆ ತೊಡಲೆಂದು ಹೆಬ್ಬೆರಳನ್ನು ಬೇರ್ಪಡಿಸಿ ಮಾಡಿದ ಕೆಂಪು ಕಾಲುಚೀಲಗಳನ್ನು ಅಲ್ಲಿ ಅತಿ ಹಳೆಯ ಹೆಣಿಗೆಯೆಂದು ಬರೆದಿದ್ದಾರೆ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿರುವ ಆ ಜೋಡಿ ಕ್ರಿ.ಶ. 3ರಿಂದ 5ನೇ ಶತಮಾನದ ನಡುವಿನದು, ಆದರೆ ಅದನ್ನು ಮಾಡಿರುವುದು ಒಂದೇ ಸೂಜಿಯಿಂದ ನೂಲನ್ನು ಕುಣಿಕೆಗಳೊಳಗೆ ತೂರಿಸುವ ನಾಲ್‌ಬೈಂಡಿಂಗ್ ಎಂಬ ಬೇರೆ ವಿಧಾನದಿಂದ. ಎರಡು ಕಡ್ಡಿಯ ಹೆಣಿಗೆ ಅದಲ್ಲ.

ಪೆಟ್ಟಿಗೆಯ ಮೇಲಿನ ‘ಒಂದೇ ವಾರಾಂತ್ಯದಲ್ಲಿ ಸಿದ್ಧ’ ಎಂಬ ಮಾತನ್ನೂ ನಂಬಬಾರದು. ಒಂದು ಕಾಲುಚೀಲಕ್ಕೆ ಸುಮಾರು 160 ಸುತ್ತು, ಸುತ್ತಿಗೆ 60 ಕುಣಿಕೆ ಎಂದರೆ ಜೋಡಿಗೆ 20,000ಕ್ಕೆ ಸ್ವಲ್ಪವೇ ಕಡಿಮೆ. ನಿಮಿಷಕ್ಕೆ 15 ಕುಣಿಕೆ ಹೆಣೆಯುವ ಹೊಸಬರಿಗೆ ಇದು, ಬಿಚ್ಚಿ ಹೆಣೆಯುವುದನ್ನು ಬಿಟ್ಟರೂ, 20 ಗಂಟೆ ಮೀರಿದ ಕೆಲಸ. ನನಗೆ ಮೊದಲ ಜೋಡಿಗೆ ಐದು ವಾರ ಹಿಡಿಯಿತು, ಅದರಲ್ಲಿ ಒಂದು ವಾರ ಎರಡನೆಯದನ್ನು ಶುರು ಮಾಡಲು ಮನಸ್ಸು ಬಾರದೆ ಕಳೆದದ್ದು. ಹೆಣೆಯುವವರ ನಡುವೆ ಈ ಕಾಯಿಲೆಗೆ ‘ಸೆಕೆಂಡ್ ಸಾಕ್ ಸಿಂಡ್ರೋಮ್’ ಎಂಬ ಹೆಸರೇ ಇದೆ. ಯಾರದಾದರೂ ಹುಟ್ಟುಹಬ್ಬಕ್ಕೆಂದು ಈ ಕಿಟ್ ಕೊಳ್ಳುವವರು ಎರಡು ತಿಂಗಳು ಮೊದಲೇ ಆರಂಭಿಸುವುದು ಕ್ಷೇಮ. ಪಾದದ ಅಳತೆ ಸಿಗದವರಿಗೆ ಕಾಲುಚೀಲದ ಸಾಹಸ ಬೇಡ. ಇದೇ ನೂಲಿನಲ್ಲಿ ಮುಂಗೈ ಪಟ್ಟಿ ಹೆಣೆದರೆ ಒಂದಿಷ್ಟು ಹೆಚ್ಚುಕಡಿಮೆಯಾದರೂ ನಡೆಯುತ್ತದೆ.

ಆಗಲೇ ಹೆಣಿಗೆ ಬಲ್ಲವರು ಈ ಕಿಟ್ ಕೊಳ್ಳಬೇಕಾಗಿಲ್ಲ, ನೂಲನ್ನು ಮಾತ್ರ ಬಿಡಿಯಾಗಿ ತರಿಸಿಕೊಂಡರೆ ಸಾಕು. ಹೊಸಬರು ಕೊಂಡರೆ ಹಿಮ್ಮಡಿಯ ಅಧ್ಯಾಯಕ್ಕಾಗಿ ಕೊಳ್ಳಲಿ, ಜೊತೆಗೆ ಒಂದು ಟೇಪನ್ನೂ 2.25 ಮಿ.ಮೀ. ಲೋಹದ ಕಡ್ಡಿಗಳನ್ನೂ ಮೊದಲೇ ಇಟ್ಟುಕೊಳ್ಳಲಿ. ತಯಾರಕರಿಗೆ ಒಂದು ಕೋರಿಕೆಯಿದೆ: ರಿಬ್ಬನ್ನಿನ ಬದಲು ಸಣ್ಣ ಉರುಳೆಯಷ್ಟು ಬಲವರ್ಧನೆಯ ದಾರ ಇಡಿ. ಹಿಮ್ಮಡಿಗೂ ಬೆರಳಿನ ತುದಿಗೂ ನೂಲಿನ ಜೊತೆ ಸೇರಿಸಿ ಹೆಣೆಯುವ ಈ ದಾರವನ್ನು ಕೆಲವರು ಉಂಡೆಯ ಒಳಗೇ ಇಟ್ಟು ಮಾರುತ್ತಾರೆ. ಇಡೀ ದಿನ ಬೂಟು ತೊಟ್ಟು ಓಡಾಡುವ ಅಣ್ಣನ ಜೋಡಿಯಲ್ಲಿ ಇಮ್ಮಡಿ ದಪ್ಪದ ಹಿಮ್ಮಡಿ ಗಟ್ಟಿಯಾಗಿಯೇ ಇದ್ದರೂ ಹೆಬ್ಬೆರಳಿನ ಬುಡದಲ್ಲಿ ಎಳೆ ತೆಳುವಾಗಿ ಬೆಳಕು ಕಾಣತೊಡಗಿದೆ. ಅಮ್ಮನ ಜೋಡಿಗೆ 62 ಗ್ರಾಂ ಬಳಕೆಯಾಗಿ ಉಳಿದ ನೂಲು ನನ್ನಲ್ಲಿದೆ. ತೂತು ಬೀಳುವ ಮೊದಲೇ ಅದರಿಂದ ರಫು ಮಾಡಿಕೊಡುತ್ತೇನೆಂದು ಹೇಳಿ ಅಣ್ಣನಿಂದ ಕಾಲುಚೀಲಗಳನ್ನು ತರಿಸಿಕೊಂಡಿದ್ದೇನೆ. ಮೇಲಿಂದ ಮೇಲೆ ಫೋನ್ ಮಾಡಿ ‘ಆಯಿತೇನೇ?’ ಎಂದು ಕೇಳುತ್ತಿದ್ದಾನೆ.