ಹಳೇ ಕಾರು, ಕಪ್ಪು-ಬಿಳುಪು ಫೋಟೋ: ಕೆಂಪು ಫಿಲ್ಟರೋ, ಪೋಲರೈಸರೋ?

ಎರಡೂ ಲೆನ್ಸ್ ಮುಂದೆ ಹಾಕುವ ಗಾಜುಗಳೇ; ಪೋಲರೈಸರ್ ಅಂದರೆ ತಿರುಗಿಸಿ ಹೊಳಪು ಇಳಿಸುವಂಥದ್ದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಪೋಲರೈಸರ್‌ಗೆ. ಆದರೆ ನಾನು ಮೊದಲು ದುಡ್ಡು ಹಾಕಿದ್ದು ಕೆಂಪು ಫಿಲ್ಟರ್ ಮೇಲೆ, 600 ರೂಪಾಯಿ. ರೀಲ್ ಕಾಲದಲ್ಲಿ ಕಪ್ಪು-ಬಿಳುಪು ತೆಗೆಯುವವರು ಅದನ್ನು ಹಾಕುತ್ತಿದ್ದರು. ನೀಲಿ ಆಕಾಶ ಕಡುಗಪ್ಪಾಗುತ್ತದೆ, ಮೋಡ ಎದ್ದು ಬರುತ್ತದೆ. ನನಗೂ ಅದೇ ಬೇಕಿತ್ತು.

ಕಲಬುರಗಿಯಿಂದ ಹುಮನಾಬಾದ್ ಮೇಲೆ ಬೀದರ್‌ಗೆ ಹೋದೆ. ಗೆಳೆಯನ ಕಾಕಾ ಹತ್ತಿರ ಮರೂನ್ ಬಣ್ಣದ ಪ್ರೀಮಿಯರ್ ಪದ್ಮಿನಿ ಇದೆ. ಮನೆಯವರೆಲ್ಲ ಅದನ್ನು ಫಿಯಟ್ ಅಂತಲೇ ಕರೆಯುತ್ತಾರೆ. ಬೆಳಿಗ್ಗೆ ಏಳಕ್ಕೆ ಕೋಟೆ ಗೋಡೆ ಪಕ್ಕ ನಿಲ್ಲಿಸಿ, ಬಂಪರ್ ಒರೆಸಿ, ನಲವತ್ತು ಫೋಟೋ ತೆಗೆದೆ.

ಎಡವಟ್ಟಾಗಿದ್ದು ಅಲ್ಲೇ. ಬೀದರ್ ಕೋಟೆ ಜಂಬಿಟ್ಟಿಗೆ ಕಲ್ಲಿನದು, ಅದು ಕೆಂಪು. ಕಾರೂ ಕೆಂಪಿನ ಜಾತಿಯದ್ದೇ. ಕೆಂಪು ಫಿಲ್ಟರ್ ಕೆಂಪು ಬೆಳಕನ್ನು ಮಾತ್ರ ಒಳಗೆ ಬಿಡುತ್ತದೆ. ಹಾಗಾಗಿ ಕೆಂಪಾಗಿದ್ದದ್ದೆಲ್ಲ ತಿಳಿಯಾಯಿತು. ಗೋಡೆ ಬೂದಿ ಬಣ್ಣ, ಕಾರೂ ಬೂದಿ ಬಣ್ಣ. ಮೇಲೆ ಆಕಾಶ ಮಾತ್ರ ಚೆನ್ನಾಗಿ ಕಪ್ಪಾಗಿತ್ತು. ಕಾಕಾ ಫೋಟೋ ನೋಡಿ, “ತಮ್ಮಾ, ಇದರಾಗ ನಮ್ಮ ಗಾಡಿ ಎಲ್ಲದ?” ಅಂದರು. ತುಂಬಾ ಬೇಜಾರಾಯಿತು. ಆ ಗಾಡಿಯನ್ನು ಅವರು ಮಗುವಿನ ಹಾಗೆ ನೋಡಿಕೊಳ್ಳುತ್ತಾರೆ.

ಎಡಿಟಿಂಗ್‌ನಲ್ಲಿ ಸರಿ ಮಾಡೋಣ ಅಂದರೆ ಅದೂ ಆಗಲಿಲ್ಲ. ಹಸಿರು, ನೀಲಿ ಮಾಹಿತಿ ಕ್ಯಾಮೆರಾಗೆ ಸಿಕ್ಕೇ ಇರಲಿಲ್ಲ. ಸಾಮಾನ್ಯ ಡಿಜಿಟಲ್ ಸೆನ್ಸರ್‌ನಲ್ಲಿ ಕೆಂಪು ಹಿಡಿಯುವ ಪಿಕ್ಸೆಲ್ ನಾಲ್ಕರಲ್ಲಿ ಒಂದೇ. ಉಳಿದ ಮೂರು ಸುಮ್ನೆ ಕೂತಿರುತ್ತವೆ. ಜೊತೆಗೆ ಮೂರು ಸ್ಟಾಪ್‌ನಷ್ಟು ಬೆಳಕು ಹೋಗುತ್ತದೆ (ಒಂದೊಂದು ಸ್ಟಾಪ್‌ಗೂ ಬೆಳಕು ಅರ್ಧಕ್ಕೆ ಇಳಿಯುತ್ತದೆ). ಕಡಿಮೆ ಬೆಳಕಲ್ಲೂ ಫೋಟೋ ಬರಲಿ ಅಂತ ಐಎಸ್ಒ ಏರಿಸಿದೆ, ಫೋಟೋ ತುಂಬ ನಾಯ್ಸ್, ಅಂದರೆ ಕಾಳುಕಾಳು ತುಂಬಿಕೊಂಡಿತು.

ಮುಂದಿನ ತಿಂಗಳು 1,900 ಕೊಟ್ಟು ಪೋಲರೈಸರ್ ತಂದೆ. ಅದೇ ಕಾರು, ಅದೇ ಗೋಡೆ. ಈ ಸಲ ಬಣ್ಣದಲ್ಲೇ ರಾ ಫೈಲ್ (ಸೆನ್ಸರ್ ಹಿಡಿದ ಮಾಹಿತಿ ಹಾಗೇ ಉಳಿಯುವ ಫೈಲ್) ತೆಗೆದೆ. ಬಾನೆಟ್‌ಗೆ ಓರೆಯಾಗಿ ನಿಂತು ರಿಂಗ್ ತಿರುಗಿಸಿದೆ. ಪೇಂಟ್ ಮೇಲೆ ಬಿದ್ದಿದ್ದ ಆಕಾಶದ ಬಿಳಿ ಹೊಳಪು ಕಣ್ಣೆದುರೇ ಇಳಿದುಹೋಯಿತು. ಗಾಜಿನ ಒಳಗಿನ ಸ್ಟೀರಿಂಗ್ ಕಂಡಿತು. ಆದರೆ ಕ್ರೋಮ್ ಬಂಪರ್, ಗ್ರಿಲ್ ಹಾಗೇ ಹೊಳೆಯುತ್ತಿದ್ದವು. ಲೋಹದ ಹೊಳಪನ್ನು ಪೋಲರೈಸರ್ ತೆಗೆಯಲಾರದು. ನನಗೆ ಬೇಕಾಗಿದ್ದೂ ಅದೇ. ಬಿದ್ರಿ ಹೂಜಿ ನೋಡಿದ್ದೀರಲ್ವಾ? ಕಪ್ಪು ಮೈ ಮೇಲೆ ಬೆಳ್ಳಿ ಗೆರೆ. ಆ ಕಪ್ಪು ಬರುವುದೂ ಇದೇ ಕೋಟೆಯ ಮಣ್ಣಿನಿಂದ.

ಎಡಿಟಿಂಗ್ ಹತ್ತು ನಿಮಿಷದ ಕೆಲಸ. ಕಪ್ಪು-ಬಿಳುಪು ಮಾಡಿ ಕೆಂಪಿನ ಸ್ಲೈಡರ್ ಇಳಿಸಿದೆ, ಕಾರು ಕಪ್ಪಾಯಿತು. ಕಿತ್ತಳೆ ಸ್ವಲ್ಪ ಏರಿಸಿದೆ, ಗೋಡೆ ಹಿಂದೆ ಸರಿಯಿತು. ನೀಲಿ ಇಳಿಸಿದೆ, ಆಕಾಶ ಕವಿದುಕೊಂಡಿತು. ನೀಲಿಯನ್ನು ಜಾಸ್ತಿ ಇಳಿಸಬೇಡಿ, ಕಾರಿನ ಟಾಪ್ ಅಂಚಿಗೆ ಬಿಳಿ ಗೆರೆ ಬರುತ್ತದೆ. ಕೊನೆಗೆ ರೀಲ್ ಫೋಟೋ ಹಾಗೆ ಕಾಣಲಿ ಅಂತ ಒಂದಿಷ್ಟು ಗ್ರೇನ್, ಸಣ್ಣ ಕಾಳು.

ಪೋಲರೈಸರ್‌ಗೂ ತೊಂದರೆ ಇದೆ. ಅಗಲವಾಗಿ ತೋರಿಸುವ ವೈಡ್ ಲೆನ್ಸ್‌ನಲ್ಲಿ ಆಕಾಶ ಒಂದು ಕಡೆ ಮಾತ್ರ ಕಪ್ಪಾಗುತ್ತದೆ. ಕೆಲವು ಕಾರಿನ ಗಾಜುಗಳಲ್ಲಿ ಚುಕ್ಕೆ ಕಾಣುತ್ತದೆ. ಒಂದೂವರೆ, ಎರಡು ಸ್ಟಾಪ್ ಬೆಳಕೂ ಹೋಗುತ್ತದೆ.

ನನಗೆ ಟ್ರೈಪಾಡ್ ಒಯ್ಯುವ ರೂಢಿ ಇಲ್ಲ, ಬೆಳಗಿನ ಬೆಳಕಲ್ಲಿ ಕೈಯಲ್ಲೇ ಹಿಡಿದು ತೆಗೆಯುತ್ತೇನೆ. ಅದಕ್ಕೆ ಕಡಿಮೆ ಬೆಳಕು ತಿನ್ನುವ ಪೋಲರೈಸರೇ ಸರಿ. ನಿಮ್ಮ ಹತ್ತಿರ ರೀಲ್ ಕ್ಯಾಮೆರಾ ಇದ್ದು, ಕಾರು ಕೆಂಪಲ್ಲದಿದ್ದರೆ ಕೆಂಪು ಫಿಲ್ಟರ್ ತಗೊಳ್ಳಿ. ಡಿಜಿಟಲ್ ಆದರೆ ಆ 600 ಉಳಿಸಿ, ಪೋಲರೈಸರ್‌ಗೆ ಸೇರಿಸಿ. ಎರಡನೇ ಸಲದ ಫೋಟೋ ಈಗ ಕಾಕಾ ಮನೆಯ ಪಡಸಾಲೆಯಲ್ಲಿದೆ.